ಸೊಪ್ಪಿನಕ್ಕನಿಗೆ ನಾನು ಹೇಳಿದ ಮದ್ದು

ನನ್ನ ಮೊಮ್ಮಗಳು ಇವತ್ತು ಡಾಕ್ಟರಾದಳು! ಸೂಜಿ ಚುಚ್ಚುವ ಡಾಕ್ಟರಲ್ಲ, ಹೊಟ್ಟೆಯ ಕ್ಯಾನ್ಸರಿನ ಮೇಲೆ ಐದು ವರ್ಷ ಕೂತು ದೊಡ್ಡ ಪುಸ್ತಕ ಬರೆದ ಡಾಕ್ಟರು. ಸಂತೋಷ ಮೈಯಲ್ಲಿ ಹಿಡಿಸದೆ ಗಡಿಯೂರು ಮೂಕಂಡಪಲ್ಲಿಯ ನಮ್ಮ ಬೀದಿಗೆಲ್ಲ ಮೈಸೂರುಪಾಕು ಹಂಚಿದೆ. ಒಂದು ಮನೆಯ ಮುಂದೆ ಮಾತ್ರ ಕಾಲು ನಿಂತುಬಿಟ್ಟಿತು. ಆರು ವರ್ಷದ ಹಿಂದಿನವರೆಗೂ ಅಲ್ಲಿ ಸೊಪ್ಪಿನಕ್ಕ ಇದ್ದಳು.

ಅವಳ ಹೆಬ್ಬೆರಳ ಉಗುರು ಯಾವಾಗಲೂ ಕಪ್ಪು. ದಂಟಿನ ನಾರು ಬಿಡಿಸಿ ಬಿಡಿಸಿ ಹಿಡಿದ ಕರೆ, ಹುಣಸೆಹಣ್ಣಿಗೂ ಹೋಗುತ್ತಿರಲಿಲ್ಲ. ತೊರಪಲ್ಲಿ ಕಡೆಯ ಬದುಗಳಲ್ಲಿ ಬೆರಕೆ ಸೊಪ್ಪು ಕಿತ್ತು ಬುಟ್ಟಿ ಹೊತ್ತು ಬರುತ್ತಿದ್ದಳು. ತಮಿಳರ ಮನೆಯಲ್ಲಿ ತಮಿಳು, ತೆಲುಗರ ಮನೆಯಲ್ಲಿ ತೆಲುಗು, ನಮ್ಮ ಬಾಗಿಲಲ್ಲಿ ಕನ್ನಡ. ಬೈಗುಳ ಮಾತ್ರ ಮೂರೂ ಬೆರೆಸಿ. ಚೌಕಾಸಿ ಮಾಡಿದರೆ, "ನಿನ್ ಗಂಡನ್ನ ಕಳ್ಸು, ಬಗ್ಗಿ ಕೀಳ್ಲಿ" ಅನ್ನುವಳು. ಚಿಕ್ಕಂದಿನಲ್ಲಿ ಸೊಪ್ಪು ಉಗಿಯುತ್ತಿದ್ದ ನನ್ನ ಮೊಮ್ಮಗಳಿಗೆ ತೊಡೆ ಮೇಲೆ ಕೂರಿಸಿಕೊಂಡು ಮಸ್ಸೊಪ್ಪು ತಿನ್ನಿಸಿದವಳೂ ಅವಳೇ.

ಒಂದು ಯುಗಾದಿಯ ಹೊತ್ತಿಗೆ ಹೊಟ್ಟೆ ಉರಿ, ಮುದ್ದೆ ಇಳಿಯದು ಅಂದಳು. ಆಸ್ಪತ್ರೆಗೆ ಹೋಗಲಾ ಎಂದು ನನ್ನನ್ನೇ ಕೇಳಿದಳು. ನಾನು ಬಹಳ ತಿಳಿದವಳಂತೆ, "ಊರಿಗೆಲ್ಲ ಸೊಪ್ಪು ತಿನ್ಸೋಳು ನೀನು, ನಿನಗ್ಯಾತರ ಕಾಯಿಲೆ? ನೆಲ್ಲಿಕಾಯಿ ರಸ ಕುಡಿ, ಹೋಯ್ತದೆ" ಅಂದೆ. ದಿನಾ ನಾನೇ ಹಿಂಡಿ ಕೊಟ್ಟೆ. ನಾಲ್ಕು ತಿಂಗಳು ನಂಬಿ ಕುಡಿದಳು. ಕೃಷ್ಣಗಿರಿ ಆಸ್ಪತ್ರೆಯಲ್ಲಿ ಬಾಯಿಂದ ಹೊಟ್ಟೆಗೆ ಕೊಳವೆ ಬಿಟ್ಟು ನೋಡುವಷ್ಟರಲ್ಲಿ ಗಂಟು ಜಠರದ ಗೋಡೆ ದಾಟಿತ್ತು.

ನಾನು ಕೊನೆಯ ಸಲ ನೋಡಲು ಹೋದಾಗ ನನ್ನ ಕೈ ಹಿಡಿದು, "ನಿನ್ ರಸ ಕುಡ್ದಾಗ ಬಾಯಿಗೆ ರುಚಿ ಬತ್ತಿತ್ತು ಅಮ್ಮಣ್ಣಿ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಈ ಸಂಜೆ ಮಗ, ಸೊಸೆ, ಮಕ್ಕಳು ಎಲ್ಲ ಸಾಲಾಗಿ ಊಟಕ್ಕೆ ಕೂತೆವು. ಮೊಮ್ಮಗಳು ತನ್ನ ಪುಸ್ತಕದಲ್ಲಿ ಏನಿದೆ ಎಂದು ಬಿಡಿಸಿ ಹೇಳಿದಳು. ಹಳೇ ಮಾಂಸ ಕರಗಿಸಿ ಹೊಸದಕ್ಕೆ ಜಾಗ ಮಾಡುವ ಎಂಜೈಮುಗಳು ಎಲ್ಲರ ಮೈಯಲ್ಲೂ ಇರುತ್ತವಂತೆ. ಕ್ಯಾನ್ಸರ್ ಗಂಟು ಅವನ್ನೇ ಹೆಚ್ಚಿಸಿಕೊಂಡು, ಗೋಡೆ ಕರಗಿಸಿ ಆಚೆ ಹರಡುತ್ತದಂತೆ.

"ನೆಲ್ಲಿಕಾಯಿ ಅದನ್ನ ತಡೀತದಾ?" ಅಂತ ಕೇಳಿದೆ.

"ಸೊಪ್ಪು, ನೆಲ್ಲಿಕಾಯಿ ಸತ್ವಕ್ಕೆ ಲ್ಯಾಬಿನ ಗಾಜಿನ ತಟ್ಟೇಲಿ ಆ ಎಂಜೈಮಿನ ಅಬ್ಬರ ಒಂಚೂರು ತಗ್ತು ಅಜ್ಜಿ. ಮನುಷ್ಯರ ಹೊಟ್ಟೇಲಿ ಏನಾಯ್ತದೋ ಗೊತ್ತಿಲ್ಲ. ತಿನ್ನಕ್ಕೆ ಒಳ್ಳೇದು. ಆಸ್ಪತ್ರೆ ಬದ್ಲಿಗಲ್ಲ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟೆ. ಆರು ವರ್ಷ ಯಾರಿಗೂ ಹೇಳದ್ದನ್ನು ಎಲ್ಲರ ಮುಂದೆ ಹೇಳಿಬಿಟ್ಟೆ. ಮೊಮ್ಮಗಳು, "ಮೊದ್ಲೇ ಹೋಗಿದ್ರೆ ಉಳೀತಿದ್ಲೇನೋ ಅಜ್ಜಿ" ಅಂದಳು. ಸುಳ್ಳು ಸಮಾಧಾನ ಹೇಳಲಿಲ್ಲ. ಆಮೇಲೆ ತನ್ನ ತಟ್ಟೆ ಎತ್ತಿಕೊಂಡು ಬಂದು ನನಗೆ ಒತ್ತಿ ಕೂತಳು. ಸೊಸೆ ಎಲ್ಲರಿಗೂ ಅನ್ನ ಬಡಿಸಿದಳು. ಮೆಲ್ಲಗೆ ಎಲ್ಲರೂ ಉಂಡೆವು.