ತಿಕ್ಕಿ ತೊಳೆದ ಮಾಲಿಬ್ಡನೈಟ್

ಆಫೀಸಿನ ಖನಿಜ ಸರ್ವೆಗೆಂದು ಮಂಕಿ ಊರಿನ ಗುಡ್ಡದಲ್ಲಿ ದಿನವಿಡೀ ಅಲೆದು ಕಾಲು ಸೋತ ಮೇಲೆ, ಬೆಳ್ಳಿಯಂಥ ಪದರು ಅಂಟಿದ ಒಂದೇ ಒಂದು ಕಲ್ಲು ಸಿಕ್ಕಿತು. ಅದು ಅಪರೂಪದ ಅದಿರು ಮಾಲಿಬ್ಡನೈಟೋ, ಪೆನ್ಸಿಲ್ಲಿನ ಗ್ರಾಫೈಟೋ ಗೊತ್ತಾಗಲಿಲ್ಲ. ಪಿಂಗಾಣಿಗೆ ಉಜ್ಜಿದಾಗ ಹಸಿರು ಗೆರೆ ಬಂದರೆ ಮಾಲಿಬ್ಡನೈಟ್. ಆಮೇಲೆ ನೋಡೋಣವೆಂದು ಕಲ್ಲನ್ನು ಬಾಡಿಗೆ ಮನೆಯ ಜಗಲಿಯಲ್ಲಿಟ್ಟು ಸ್ನಾನಕ್ಕೆ ಹೋದೆ.

ಬರುವಷ್ಟರಲ್ಲಿ ಮೀನು ಮಾರುವ ಮನೆಯೊಡತಿ ಅಕ್ಕ ಅದನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದಿದ್ದರು.

"ಎಂತ ಮಸಿ ತಂಗಿ ಇದು! ಹೀಂಗೇ ಕೊಟ್ರೆ ಆಫೀಸಿನವ್ರು ನಗೂದಿಲ್ವಾ? ಈಗ ಚೊಕ್ಕ ಆತು."

ಕಲ್ಲಿನಲ್ಲಿ ಹೊಳಪೇ ಉಳಿದಿರಲಿಲ್ಲ. ಅಳು ಬಂದರೂ "ಥ್ಯಾಂಕ್ಸ್ ಅಕ್ಕಾ" ಅಂದೆ. ಅವರು ಒಳಗೆ ಹೋದ ಮೇಲೆ ಮಸಿ ಮೆತ್ತಿದ್ದ ಆ ನಾರನ್ನೇ ಪಿಂಗಾಣಿ ಚೂರಿಗೆ ಉಜ್ಜಿ ನೋಡಿದೆ. ಗೆರೆ ಹಸಿರಾಗಿಯೇ ಬಂತು.

ಮರುದಿನ ಮತ್ತೆ ಅದೇ ಗುಡ್ಡ ಹತ್ತಿದೆ. ಆವತ್ತು ಸಿಕ್ಕ ಕಲ್ಲು ಮಾತ್ರ ಬಚ್ಚಲಿಗೂ ನನ್ನ ಜೊತೆಗೇ ಬಂತು.