ಅಟ್ಟದ ಕಂಪ್ಯೂಟರಿನಲ್ಲಿದ್ದ ಸೋಬಾನೆ ಪದಗಳು

ಪುಟ್ಟಲಕ್ಷ್ಮಮ್ಮನವರ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಎದುರಿಗಿದ್ದವರು ಮಾತಾಡುವಷ್ಟು ಹೊತ್ತೂ ಅವು ತೊಡೆಯ ಮೇಲೋ, ತರಕಾರಿ ಗಾಡಿಯ ಅಂಚಿನ ಮೇಲೋ ಆ ಮಾತನ್ನೇ ಟೈಪ್ ಮಾಡುತ್ತಿದ್ದವು. ಒಮ್ಮೆ ನಾನು ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಉದ್ದಕ್ಕೆ ದೂರು ಹೇಳುತ್ತಿದ್ದೆ. ಅವರ ಉಂಗುರದ ಬೆರಳು ಪಟ್ಟನೆ ಕುಟ್ಟಿ ನಿಂತಿತು. "ಫುಲ್‌ಸ್ಟಾಪ್ ಹಾಕ್ದೆ ಕಣಪ್ಪ. ಇನ್ನೇನಾದ್ರೂ ಐತಾ?" ಎಂದು ನಕ್ಕರು.

ಸಾರಕ್ಕಿಯಲ್ಲಿ ಅವರದು ಹಳೆಯ ಊರಿನ ಮನೆತನ. ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು; ಅದರಲ್ಲೊಂದರ ಮೇಲ್ಮನೆಯಲ್ಲಿ ನಾನಿದ್ದೆ. ಬಿಟಿಎಂ ಲೇಔಟಿನ ಅಂಗಡಿಯೊಂದರಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಹಿಂದೆ ಅವರು ಮುಂದಿನ ಕೋಣೆಯಲ್ಲಿ ಡಿಟಿಪಿ ಅಂಗಡಿ ನಡೆಸುತ್ತಿದ್ದರು. ಊರಿನವರ ಮದುವೆ ಕರೆಯೋಲೆಗಳೆಲ್ಲ ಅವರ ಕೈಯಲ್ಲೇ ತಯಾರಾದವು. ಕಾಗುಣಿತ ತಪ್ಪಿದ ಬೋರ್ಡು ಕಂಡರೆ ಆಟೋ ನಿಲ್ಲಿಸಿ, ಅಂಗಡಿಯವನಿಗೆ ಹೇಳಿಯೇ ಮುಂದೆ ಹೋಗುವ ಹೆಂಗಸು.

ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಕೆಳಗೆ ಕರೆದರು. ಹಾಲಿನ ಮಧ್ಯೆ ಹಳದಿಗಟ್ಟಿದ ಹಳೆಯ ಕಂಪ್ಯೂಟರ್ ಕೂತಿತ್ತು. ಅಟ್ಟದಿಂದ ಇಳಿಸಿದ್ದರು. ಸ್ವಿಚ್ ಹಾಕಿದರೆ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂದು ನಿಲ್ಲುತ್ತಿತ್ತು: ಸೆಟಪ್‌ಗೆ ಹೋಗಲು ಡಿಲೀಟ್ ಒತ್ತಿ. ಒತ್ತಿದರೆ ಏನೂ ಆಗುತ್ತಿರಲಿಲ್ಲ.

"ಇದರೊಳಗೆ ನಮ್ಮಕ್ಕ ಅವ್ಳೆ," ಎಂದರು.

ಅಕ್ಕನೆಂದರೆ ಅವರ ಓರಗಿತ್ತಿ ಮುನಿತಾಯಮ್ಮ. ಸುತ್ತಮುತ್ತಲ ಊರುಗಳ ಮದುವೆಗಳಲ್ಲಿ ಸೋಬಾನೆ ಹಾಡುತ್ತಿದ್ದವರು. ಓದು ಬರಹ ತಿಳಿಯದು. ಅಂಗಡಿ ಬಿಡುವಿದ್ದಾಗ ಅವರು ಹಾಡುತ್ತ ಹೋಗುವುದು, ಇವರು ಟೈಪ್ ಮಾಡುತ್ತ ಹೋಗುವುದು. ಪುಸ್ತಕ ಮಾಡಿಸುತ್ತೇನೆಂದು ಮಾತು ಕೊಟ್ಟಿದ್ದರು. ಕರೆಯೋಲೆಯ ಕೆಲಸ ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ ಎಂದು ವರ್ಷಗಳು ಕಳೆದವು. ಮಕ್ಕಳು ಆಟ ಆಡಿ ಕೆಡಿಸುತ್ತಾರೆಂದು ಶುರುವಿನಲ್ಲೇ ಕೇಳುವಂತೆ ಪಾಸ್‌ವರ್ಡ್ ಹಾಕಿದರು. ಅಂಗಡಿ ಮುಚ್ಚಿತು, ಯಂತ್ರ ಅಟ್ಟ ಸೇರಿತು, ಪಾಸ್‌ವರ್ಡ್ ಮರೆತುಹೋಯಿತು. ಮುನಿತಾಯಮ್ಮ ಮಗನ ಜೊತೆ ಗೊಟ್ಟಿಗೆರೆಗೆ ಹೋದರು. ಮುಖ ತೋರಿಸಲು ನಾಚಿಕೆಯಾಗಿ ಪುಟ್ಟಲಕ್ಷ್ಮಮ್ಮ ಆ ಕಡೆಯ ಮದುವೆಗಳಿಗೆ ಹೋಗುವುದನ್ನೇ ಬಿಟ್ಟರು.

"ಯಾವತ್ತಾದ್ರೂ ಕೇಳಿದ್ರೆ ಬೈಸ್ಕೊಂಡು ಸುಮ್ನಾಗ್ಬೋದಿತ್ತು. ಕೇಳ್ಲೇ ಇಲ್ಲ ಮಹಾತಾಯಿ. ಈಗ ಅವ್ರಿಗೆ ಮರೆವು ಬಂದದಂತೆ. ಸೊಸೆ ಫೋನ್ ಮಾಡಿದ್ಲು." ಬೆರಳುಗಳು ಆಗ ಮಾತ್ರ ಅಲುಗಾಡದೆ ಮಡಿಲಲ್ಲಿ ಬಿದ್ದಿದ್ದವು.

ಮುಚ್ಚಳ ಬಿಚ್ಚಿ ನೋಡಿದೆ. ಒಳಗಿನ ಪುಟ್ಟ ಬ್ಯಾಟರಿ ಸತ್ತುಹೋಗಿತ್ತು. ಅದಿಲ್ಲದೆ ಯಂತ್ರಕ್ಕೆ ತನ್ನೊಳಗೆ ಯಾವ ಡಿಸ್ಕ್ ಇದೆ ಎಂಬುದೇ ನೆನಪಿಲ್ಲ. ಸೆಟಪ್ ತೆರೆದು ಹೇಳಿಕೊಡಬೇಕು. ಆದರೆ ಅವರು ಹೊಸದಾಗಿ ಕೊಂಡು, ಹಳೆಯ ತೂತಿಗೆ ಹೊಂದುವ ಬೇರೊಂದು ಪಿನ್ ಜೋಡಿಸಿ ಸಿಕ್ಕಿಸಿದ್ದ ಕೀಬೋರ್ಡಿನ ಭಾಷೆ ಆ ಮುದಿ ಯಂತ್ರಕ್ಕೆ ತಿಳಿಯದು. ಮರುದಿನ ಸಿದ್ದಾಪುರದ ಗುಜರಿಯಲ್ಲಿ ಹುಡುಕಾಡಿ, ದಪ್ಪ ದುಂಡು ಪಿನ್ನಿನ ಹಳೆಯ ಕೀಬೋರ್ಡ್ ಒಂದನ್ನು ತಂದೆ. ಬ್ಯಾಟರಿಯನ್ನೂ ಬದಲಾಯಿಸಿದೆ.

ಈ ಸಲ ಡಿಲೀಟ್ ಒತ್ತಿದ್ದು ಅವರೇ. ನೀಲಿ ಪರದೆ ತೆರೆದುಕೊಂಡಿತು.

"ಪಾಸ್‌ವರ್ಡ್ ಕೇಳ್ಲಿಲ್ವಲ್ಲೋ!"

"ಬ್ಯಾಟರಿ ಸತ್ತಾಗ ಅದನ್ನೂ ಮರ್ತಿದೆ ಆಂಟಿ."

"ಅಂದ್ರೆ ಬೀಗಾನೇ ಇರ್ಲಿಲ್ವಾ? ಇಷ್ಟು ವರ್ಷ ನಾನು ಹೆದರ್ಕೊಂಡು ಕೂತಿದ್ದು ಯಾತಕ್ಕೆ?" ಎಂದವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಡಿಸ್ಕ್ ಗುರುತಿಸಿ, ಉಳಿಸಿ, ಮತ್ತೆ ಶುರು ಮಾಡಿದೆ. ಪದಗಳು ಹಾಗೇ ಇದ್ದವು. ಪರದೆಯ ಫೋಟೋ ತೆಗೆದು ಪ್ರಿಂಟ್ ಹಾಕೋಣವೆಂದರೆ ಒಪ್ಪಲಿಲ್ಲ. "ಬೇಡ. ನಾನು ಮಾಡಿದ ತಪ್ಪು, ನಾನೇ ಕುಟ್ತೀನಿ," ಎಂದು ನನ್ನ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟುಕೊಂಡು, ನೋಡಿ ನೋಡಿ ಅಷ್ಟನ್ನೂ ಮತ್ತೆ ಟೈಪ್ ಮಾಡಿದರು.

ಪ್ರಿಂಟ್ ಹಾಕಿ ಹೊಲಿಸಿದ ಪುಸ್ತಕದ ಪ್ರತಿ ಹಿಡಿದು ಇಬ್ಬರೂ ಗೊಟ್ಟಿಗೆರೆಗೆ ಹೋದೆವು. ಮುನಿತಾಯಮ್ಮ ಬಾಗಿಲ ಬಿಸಿಲಿಗೆ ಕೂತಿದ್ದರು. ಓರಗಿತ್ತಿಯ ಗುರುತು ಹತ್ತಲಿಲ್ಲ. ಪುಟ್ಟಲಕ್ಷ್ಮಮ್ಮ ಕಾಲ ಬಳಿ ಕುಕ್ಕರಿಸಿ ಓದತೊಡಗಿದರು. ಮುದುಕಿ ತಲೆಯಾಡಿಸುತ್ತ ಕೇಳಿದರು.

"ಯಾರ್ದವ್ವಾ ಈ ಪದ? ಚೆಂದಾಗವೆ."

"ನಿಂದೇ ಕಣಕ್ಕಾ. ನೀನೇ ಹಾಡಿದ್ದು."

"ನಂಗೆ ಇಷ್ಟೆಲ್ಲಾ ಬರ್ತಿತ್ತಾ?"

ವಾಪಸು ಬರುವಾಗ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋ ನಿಂತಿತ್ತು. "ತಪ್ಪಾಯ್ತು ಅನ್ನೋಣಾ ಅಂತ ಹೋದೆ," ಎಂದರು. "ಯಾವ ತಪ್ಪು ಅಂತ ಕೇಳ್ತಾರಲ್ಲಪ್ಪ. ನೆನಪಿದ್ದೋರು ತಾನೆ ಕ್ಷಮಿಸೋದು?"

ಆಮೇಲೆ ಅವರು ವಾರವಾರವೂ ಗೊಟ್ಟಿಗೆರೆಗೆ ಹೋಗತೊಡಗಿದರು. ಓದಿದರೆ ಮುದುಕಿ ತೂಕಡಿಸುತ್ತಾರೆಂದು ಹಾಡಲು ಹಿಡಿದರಂತೆ. ಇವರ ಕಂಠ ತಗಡಿನಂತಿತ್ತು, ಧಾಟಿಯೊಂದೂ ನೆನಪಿರಲಿಲ್ಲ. "ಮಾತಷ್ಟೇ ಕುಟ್ಟಿಟ್ಟೆ, ರಾಗ ಹಿಡೀಲೇ ಇಲ್ಲ. ಅರ್ಧ ಕಳೆದುಬಿಟ್ಟೆ," ಎಂದು ಅದಕ್ಕೂ ಕೊರಗುತ್ತಿದ್ದರು. ಆದರೆ ಒಂದು ವಾರ ಮೆಟ್ಟಿಲು ಹತ್ತಿ ಮೇಲೆ ಬಂದು, ಏದುಸಿರಿನಲ್ಲೇ ಹೇಳಿದರು: "ಇವತ್ತು ಬೈದ್ರು ಕಣೋ! ಹಂಗಲ್ಲ ಹಾಡೋದು ಅಂತ ಒಂದು ಸಾಲು ತಾವೇ ಎಳೆದು ತೋರ್ಸಿದ್ರು." ಅಷ್ಟು ಸಂತೋಷದಲ್ಲಿ ಅವರನ್ನು ನಾನು ಮತ್ತೆ ನೋಡಲಿಲ್ಲ. ಆ ವರ್ಷದ ಮಾಗಿಯಲ್ಲೇ ಪುಟ್ಟಲಕ್ಷ್ಮಮ್ಮ ಹೃದಯಾಘಾತವಾಗಿ, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ತೀರಿಕೊಂಡರು.

ತಿಥಿಯ ದಿನ ಮುನಿತಾಯಮ್ಮನನ್ನೂ ಕಾರಿನಲ್ಲಿ ಕರೆತಂದಿದ್ದರು. ಶಾಮಿಯಾನದ ಕೆಳಗೆ, ಹಾರ ಹಾಕಿದ ಫೋಟೋದ ಎದುರಿಗೇ ಕೂರಿಸಿದ್ದರು. ನಾನು ಎಲೆಯ ಮುಂದೆ ನೀರಿಡಲು ಬಗ್ಗಿದಾಗ ನನ್ನ ಕೈ ಹಿಡಿದುಕೊಂಡರು.

"ಮಗಾ, ನಮ್ಮನೇಗೆ ಒಬ್ಳು ಬರ್ತಿದ್ಲು. ಯಾಕೋ ಈಚೆಗೆ ಕಾಣ್ತಾ ಇಲ್ಲ."

ನಾನು ಇನ್ನೊಂದು ಕೈಯಿಂದ ಲೋಟವನ್ನು ಎಲೆಯ ಪಕ್ಕಕ್ಕಿಟ್ಟೆ.

"ಹಾಡಕ್ಕೇ ಬರಾಕಿಲ್ಲ ಅವ್ಳಿಗೆ," ಎಂದು ಮುದುಕಿ ನಕ್ಕರು. "ಆದ್ರೂ ಬರ್ತಾಳೆ, ಪಾಪ."