ಕಾಶೀಂಬಿ ಕೇಳಿ ಪಡೆದ ಗಡುವು

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಸೀರೆಯ ಅಂಚು ಕೆಂಪಾಗಿ ಮಿಂಚಿದರೆ ಅದು ಕಾಶೀಂಬಿ ಹಾಕಿದ ಬಣ್ಣ. ಒಂದು ಕೈಯಲ್ಲಿ ತೊಟ್ಟಿಲ ಹಗ್ಗ, ಇನ್ನೊಂದರಲ್ಲಿ ಕೊಪ್ಪರಿಗೆಯ ಕೋಲು. ಕೂಸು ಜಹೀದಾ ಎಷ್ಟೇ ಅತ್ತರೂ ನೂಲು ಕಲೆಗಟ್ಟಲು ಬಿಟ್ಟವಳಲ್ಲ.

೧೯೫೭ರಲ್ಲಿ ಜರ್ಮನಿಯ ಬಣ್ಣದ ಡಬ್ಬಿ ಬರುವುದು ನಿಂತಿತು. ಬದಲಿಗೆ ಬಂದ ದೇಶಿ ಕೆಂಪು ಮೊದಲ ಒಗೆತಕ್ಕೇ ಸೀರೆಯ ಬಿಳಿ ಒಡಲಿಗೆ ಇಳಿಯಿತು. ಒಂದೊಂದಾಗಿ ಮನೆಯವರು ನೂಲನ್ನು ಬಣ್ಣಕ್ಕೆ ಬೇರೆ ಊರಿಗೆ ಒಯ್ದರು. ಉಳಿದದ್ದು ಓಣಿಯ ದೊಡ್ಡ ನೇಕಾರಗಿತ್ತಿ ಸಣ್ಣವ್ವನ ಮನೆ. ಅವಳೂ ಕೈಬಿಟ್ಟರೆ ಕೊಪ್ಪರಿಗೆ ಬೋರಲು ಹಾಕುವುದೇ.

ಕಾಶೀಂಬಿ ಕೂಸನ್ನು ಸೊಂಟಕ್ಕೇರಿಸಿಕೊಂಡು ನೇಕಾರರ ಸೊಸೈಟಿಗೆ ನಡೆದಳು.

"ರಾಯರ, ನನ್ನ ಡಬ್ಬಿ ಯಾರು ತಡದಾರ್ರಿ?"

ಗುಮಾಸ್ತ ರಾಘವೇಂದ್ರರಾಯರು ಪತ್ರಿಕೆ ಮಡಚಿದರು. "ನಮ್ಮ ಸರಕಾರನ ತಡದದ ನೋಡವ್ವಾ. ದೇಶದೇಶದವರು ಜಿನೀವಾದಾಗ ಕೂತು ವ್ಯಾಪಾರದ ಕರಾರು ಮಾಡ್ಯಾರ. ಅದರಾಗ ಬಡ ದೇಶಕ್ಕ ಒಂದು ಸವಲತ್ತು ಅದ. ಪರದೇಶದ ರೊಕ್ಕ ಸಾಲದಿದ್ರ, ತನ್ನ ಹೊಸಾ ಕಾರಖಾನಿ ಕಾಲೂರಬೇಕಾದ್ರ, ಹೊರಗಿನ ಸರಕು ತಡೀಬಹುದು."

"ಬೇಕಾದಷ್ಟು ದಿನಾ?"

"ಹಾಂಗ ಎಲ್ಲಿ ಬಿಡ್ತಾರ! ಆಗಾಗ ಉಳಿದವರ ಮುಂದ ನಿಂತು ಯಾಕ ತಡದೀವಿ ಅಂತ ಹೇಳಬೇಕು."

ಕಾಶೀಂಬಿಗೆ ಈ ಮಾತು ಹಿಡಿಸಿತು. ದೇಶವೇ ಸವಲತ್ತು ಕೇಳುವಾಗ ತನಗೇಕೆ ನಾಚಿಕೆ? ನೆಟ್ಟಗೆ ಸಣ್ಣವ್ವನ ಕಟ್ಟೆಗೆ ಹೋದಳು.

"ಸಣ್ಣವ್ವಕ್ಕಾ, ಜಿನೀವಾದಾಗ ಕೂತವರು ನಮ್ಮ ಸರಕಾರಕ್ಕ ಸವಲತ್ತು ಕೊಟ್ಟಾರಂತ, ನೀ ನನಗ ಕೊಡು. ಯುಗಾದಿತನಕ ನೂಲು ಬ್ಯಾರೆ ಕಡೆ ಕಳಸಬ್ಯಾಡ. ಪ್ರತಿ ಅಮಾಸಿಗೆ ನಿನ್ನ ಮುಂದನ ಒಗದು ತೋರಸ್ತೀನಿ."

"ನಿನ್ನ ಕೆಂಪು ಬುದ್ಧಿ ಕಲಿಯೂತನಕಾ ನನ್ನ ಸೀರಿ ಯಾರು ಉಡಬೇಕ? ಜಿನೀವಾದವರು ಉಡ್ತಾರೇನ?"

"ಬಿಳಿ ಒಡಲಿಂದು ಕೊಡಬ್ಯಾಡ. ಕರಿ ಸೀರಿ ಅಂಚಿಂದು ಕೊಡು. ಕರಿದರ ಮ್ಯಾಲೆ ಕೆಂಪು ಇಳದ್ರ ಯಾವಾಕಿಗೆ ಕಾಣತೈತಿ?"

ಸಣ್ಣವ್ವ ನಕ್ಕುಬಿಟ್ಟಳು. "ಭಾಳ ಶ್ಯಾಣ್ಯಾಕಿ ಅದಿ. ಒಯ್ಯಿ."

ಕಾಶೀಂಬಿ ಬಾವಿಯ ಸವಳು ನೀರು ಬಿಟ್ಟು ಕೆರೆಯ ನೀರು ಹೊತ್ತಳು. ನೂಲನ್ನು ಹೆಚ್ಚು ಹೊತ್ತು ಕುದಿಸಿದಳು, ಮತ್ತೆ ಮತ್ತೆ ಜಾಲಿಸಿದಳು. ಅಮಾವಾಸ್ಯೆಗೊಮ್ಮೆ ಬಿಳಿ ಅರಿವೆಯೊಂದಿಗೆ ಕೆಂಪು ನೂಲಿನ ಲಡಿಯನ್ನು ಸಣ್ಣವ್ವನ ಎದುರೇ ಒಗೆದಳು. ಅರಿವೆ ಮೊದಲು ರಕ್ತದಂತಾಗುತ್ತಿತ್ತು, ಬರುಬರುತ್ತ ತಿಳಿಯಾಯಿತು.

ಯುಗಾದಿ ಬಂತು. ಸಣ್ಣವ್ವ ಅರಿವೆ ಹಿಂಡಿ ಬಿಸಿಲಿಗೆ ಹಿಡಿದಳು.

"ಇನ್ನೂ ಒಂಚೂರು ಇಳಿತೈತಿ," ಎಂದು ಕಾಶೀಂಬಿಯೇ ಹೇಳಿದಳು. "ಗಡುವು ಮುಗೀತು. ಈಗ ನೀ ಹೇಳು."

ಸಣ್ಣವ್ವ ಒಳಗೆ ಹೋಗಿ ಬಿಳಿ ಸೀರೆಯ ಅಂಚಿನ ನೂಲು ತಂದು ಅವಳ ಮಡಿಲಿಗೆ ಹಾಕಿದಳು. "ದಿನಾ ಉಡೋ ಸೀರೀದು. ಮದವಿ ಸೀರೀದು ಕೇಳಬ್ಯಾಡ ಮತ್ತ."

"ಈಗ ಕೇಳೂದಿಲ್ಲಕ್ಕಾ," ಎನ್ನುತ್ತ ಕಾಶೀಂಬಿ ನೂಲಿನ ಗಂಟು ತಲೆಗೇರಿಸಿದಳು. "ದೀಪಾವಳಿಗೆ ಕೇಳತೀನಿ."